ತೆಳುಹಾಳೆಯಲ್ಲಿ ವಿದ್ಯುತ್ತು: ಶಕ್ತಿವ್ಯಯವೂ ಕ್ವಾಂಟಂ ಸ್ಥಿತಿಗಳೂ



ಸಂಯುಕ್ತ ರಾಷ್ಟ್ರಸಂಘವು 2025ನೆಯ ಇಸವಿಯನ್ನು ಕ್ವಾಂಟಂ ವಿಜ್ಞಾನದ ಅಂತರರಾಷ್ಟ್ರೀಯ ವರ್ಷವನ್ನಾಗಿ ಗೊತ್ತುಮಾಡಿತು. ಅದೇ ವರ್ಷದ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ಜಾನ್ ಕ್ಲಾರ್ಕ್, ಮಿಶೆಲ್ ಡೆವೊರೆ, ಜಾನ್ ಮಾರ್ಟಿನಿಸ್ ಎಂಬ ಮೂವರು ವಿದ್ವಾಂಸರಿಗೆ ಸಂದಿತು. ಅದಕ್ಕೆ ಎರಡು ವರ್ಷ ಮೊದಲು, 2023ರ ಏಪ್ರಿಲ್ ತಿಂಗಳಲ್ಲಿ, ಭಾರತ ಸರ್ಕಾರದ ಮಂತ್ರಿಮಂಡಲವು 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್ನಿಗೆ ಒಪ್ಪಿಗೆಯನ್ನು ಕೊಟ್ಟಿತು. ಅದರಲ್ಲಿ ಕ್ವಾಂಟಂ ಗಣಕಯಂತ್ರಗಳ ವಿಭಾಗಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಕೇಂದ್ರಸ್ಥಾನವಾಯಿತು. ಹೀಗಾಗಿ ಕ್ವಾಂಟಂ ಎಂಬ ಶಬ್ದವು ಚಾಮರಾಜನಗರದ ಮನೆಗಳಿಗೂ ಗುಂಡ್ಲುಪೇಟೆಯ ಅಂಗಡಿಬೀದಿಗೂ ವೃತ್ತಪತ್ರಿಕೆಗಳ ಮೂಲಕ ಬಂದು ಸೇರಿದೆ. ಶಬ್ದವು ಬಂದಷ್ಟು ಬೇಗ ಅದರ ಅರ್ಥವು ಬರಲಿಲ್ಲ. ಇದು ಯಾವ ವಿದ್ಯೆ, ಇದನ್ನು ನಮ್ಮ ಹುಡುಗಿಯರು ಕಲಿಯಬಲ್ಲರೇ ಎಂದು ಕೇಳುವ ಪೋಷಕರು ಅನೇಕರಿದ್ದಾರೆ. ಈ ವಿದ್ಯೆಯ ಎಲ್ಲ ಶಾಖೆಗಳನ್ನೂ ಒಂದು ಲೇಖನದಲ್ಲಿ ಹೇಳುವುದು ಅಸಾಧ್ಯ. ಆದಕಾರಣ ಒಂದೇ ಒಂದು ಪ್ರಶ್ನೆಯನ್ನು ಆರಿಸಿಕೊಂಡು, ಅದನ್ನು ನಮ್ಮ ಸೀಮೆಯ ಪರಿಚಿತ ವಸ್ತುಗಳ ಸಹಾಯದಿಂದ ವಿವರಿಸಲು ಯತ್ನಿಸುವೆನು. ಆ ಪ್ರಶ್ನೆ ಯಾವುದೆಂದರೆ, ಅತ್ಯಂತ ತೆಳುವಾದ ಅತಿವಾಹಕದ ಹಾಳೆಯಲ್ಲಿ ಶಕ್ತಿಯ ವ್ಯಯವು ಏನು ಮಾಡುತ್ತದೆ ಎಂಬುದು.

ವ್ಯಯವೆಂದರೇನು

ನಮ್ಮ ಕೊಳ್ಳೇಗಾಲ ತಾಲ್ಲೂಕಿನ ಅಂಚಿನಲ್ಲಿ ಕಾವೇರಿಯು ಧುಮುಕುವ ಶಿವನಸಮುದ್ರದಿಂದಲೇ ಆರಂಭಿಸೋಣ. 1902ರಲ್ಲಿ ಅಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಸಾಗಿಸಿದರು. ಹೊರಟ ಶಕ್ತಿಯೆಲ್ಲವೂ ಗಣಿಯನ್ನು ಮುಟ್ಟಲಿಲ್ಲ. ಸಾಧಾರಣವಾದ ಯಾವ ತಂತಿಯಲ್ಲಿಯೂ ಅದು ಪೂರ್ಣವಾಗಿ ಮುಟ್ಟುವುದಿಲ್ಲ. ಲೋಹದೊಳಗೆ ಚಲಿಸುವ ಎಲೆಕ್ಟ್ರಾನುಗಳು ಲೋಹದ ದೋಷಗಳಿಗೂ ಅದರುತ್ತಿರುವ ಪರಮಾಣುಗಳಿಗೂ ತಾಗಿ ತಮ್ಮ ಶಕ್ತಿಯಲ್ಲಿ ಸ್ವಲ್ಪಭಾಗವನ್ನು ಕಳೆದುಕೊಳ್ಳುತ್ತವೆ, ತಂತಿಯು ಬಿಸಿಯಾಗುತ್ತದೆ. ಈ ನಷ್ಟವನ್ನು ತಗ್ಗಿಸುವುದಕ್ಕಾಗಿಯೇ ದೂರದ ತಂತಿಗಳಲ್ಲಿ ವೋಲ್ಟೇಜನ್ನು ಬಹಳವಾಗಿ ಏರಿಸಿ, ಪ್ರವಾಹವನ್ನು ಕಡಿಮೆ ಮಾಡಿ ಕಳುಹಿಸುತ್ತಾರೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಶಕ್ತಿಯು ನಾಶವಾಗುವುದಿಲ್ಲವೆಂದು ನಮ್ಮ ಪಾಠಪುಸ್ತಕಗಳು ಹೇಳುತ್ತವೆ, ಅದು ನಿಜ. ಒಂದು ಬೊಗಸೆ ರಾಗಿಯನ್ನು ಹೊಳೆಯ ಮರಳಿನ ಮೇಲೆ ಎರಚಿದರೆ ಒಂದು ಕಾಳೂ ನಾಶವಾಗುವುದಿಲ್ಲ. ಆದರೆ ಅದನ್ನು ಮತ್ತೆ ಬೊಗಸೆಗೆ ತುಂಬಿಕೊಳ್ಳುವವರಾರು? ಹೀಗೆ ಒಂದೆಡೆ ಕ್ರಮವಾಗಿದ್ದ ಶಕ್ತಿಯು ಸುತ್ತಲಿನ ಅಸಂಖ್ಯ ಕಣಗಳಿಗೆ ಹಂಚಿಹೋಗಿ, ಹಿಂದಕ್ಕೆ ಬಾರದಂತಾಗುವುದನ್ನೇ ಶಕ್ತಿವ್ಯಯವೆನ್ನುತ್ತೇವೆ. ಇಂಗ್ಲಿಷಿನಲ್ಲಿ ಇದಕ್ಕೆ ಡಿಸಿಪೇಷನ್ ಎಂದು ಹೆಸರು. ಉಯ್ಯಾಲೆಯು ತೂಗುವವರಿಲ್ಲದೆ ನಿಲ್ಲುವುದೂ, ಕಾಫಿಯು ಲೋಟದಲ್ಲಿ ಆರುವುದೂ ಇದೇ ಕಾರಣದಿಂದ.

ವ್ಯಯವು ನಷ್ಟವೆಂದು ಎಲ್ಲರೂ ಬಲ್ಲರು. ಅತ್ಯಂತ ತೆಳುವಾದ ಅತಿವಾಹಕಗಳಲ್ಲಿಯಾದರೋ, ಅದೇ ವ್ಯಯವು ಒಂದು ಕಡೆ ಕೆಡಿಸುವುದಾಗಿಯೂ ಮತ್ತೊಂದು ಕಡೆ ಕಾಪಾಡುವುದಾಗಿಯೂ ಕಂಡುಬಂದಿದೆ. ಇದು ಹೇಗೆ ಸಾಧ್ಯವೆಂಬುದನ್ನು ತಿಳಿಯುವುದೇ ಈ ಲೇಖನದ ಉದ್ದೇಶ.

ಹೆಜ್ಜೆ ತಪ್ಪದ ಪ್ರವಾಹ

ಹಾಲೆಂಡ್ ದೇಶದ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನ್ನೆಸ್ ಎಂಬ ಪಂಡಿತರು 1908ರಲ್ಲಿ ಹೀಲಿಯಂ ಅನಿಲವನ್ನು ದ್ರವವನ್ನಾಗಿ ಮಾಡಿದರು. ಆ ದ್ರವದ ಶೈತ್ಯವನ್ನು ಉಪಯೋಗಿಸಿಕೊಂಡು 1911ರಲ್ಲಿ ಪಾದರಸದ ವಿದ್ಯುದ್ರೋಧವನ್ನು ಅಳೆಯುತ್ತಿದ್ದಾಗ, ಸುಮಾರು 4.2 ಕೆಲ್ವಿನ್ ಉಷ್ಣತೆಯಲ್ಲಿ, ಅಂದರೆ ನೀರು ಹೆಪ್ಪುಗಟ್ಟುವ ಬಿಂದುವಿಗಿಂತ 269 ಸೆಂಟಿಗ್ರೇಡ್ ಅಂಶಗಳಷ್ಟು ಕೆಳಗೆ, ರೋಧವು ಥಟ್ಟನೆ ಇಲ್ಲವಾಯಿತು. ಇದಕ್ಕೆ ಅತಿವಾಹಕತ್ವವೆಂದು ಹೆಸರು. ಅತಿವಾಹಕದ ಸುರುಳಿಯಲ್ಲಿ ಒಮ್ಮೆ ಹರಿಯಬಿಟ್ಟ ಪ್ರವಾಹವು, ಶೈತ್ಯವು ಇರುವವರೆಗೂ, ತಳ್ಳುವವರಿಲ್ಲದೆಯೇ ಸುತ್ತುತ್ತಿರುವುದು.

ಇದರ ಕಾರಣವನ್ನು ಬಾರ್ಡೀನ್, ಕೂಪರ್, ಶ್ರೀಫರ್ ಎಂಬ ಮೂವರು 1957ರಲ್ಲಿ ವಿವರಿಸಿದರು. ತೀವ್ರ ಶೈತ್ಯದಲ್ಲಿ ಎಲೆಕ್ಟ್ರಾನುಗಳು ಎರಡೆರಡಾಗಿ ಜೋಡಿಗೂಡುತ್ತವೆ. ಆ ಜೋಡಿಗಳೆಲ್ಲವೂ ಒಂದೇ ತರಂಗದ ಅಂಗಗಳಾಗಿ ಏಕರೀತಿಯಲ್ಲಿ ನಡೆಯುತ್ತವೆ. ತರಂಗದ ನಡಿಗೆಯಲ್ಲಿ ಇಂತಹ ಕ್ಷಣದಲ್ಲಿ ಇಂತಹ ಘಟ್ಟವೆಂದು ತಿಳಿಸುವ ಅಳತೆಗೆ ಶಾಸ್ತ್ರದಲ್ಲಿ ಪ್ರಾವಸ್ಥೆಯೆಂದು ಹೆಸರು. ಈ ಲೇಖನದಲ್ಲಿ ಅದನ್ನು ಹೆಜ್ಜೆಯೆಂದು ಕರೆಯೋಣ.

ನಮ್ಮ ಜಿಲ್ಲೆಯ ಬೀಸು ಕಂಸಾಳೆಯನ್ನು ನೋಡದವರು ಯಾರು? ಎಂಟು ಹತ್ತು ಮಂದಿ ಒಂದೇ ತಾಳಕ್ಕೆ ಕಂಸಾಳೆಯನ್ನು ಬೀಸುತ್ತ, ಬಾಗುತ್ತ, ಏಳುತ್ತ ಕುಣಿಯುವಾಗ, ಒಬ್ಬನ ಕೈ ಮತ್ತೊಬ್ಬನಿಗೆ ತಾಗುವುದಿಲ್ಲ. ಹೆಜ್ಜೆಯು ಒಂದಾಗಿರುವುದರಿಂದಲೇ ಆ ಇಕ್ಕಟ್ಟಿನಲ್ಲಿಯೂ ಘರ್ಷಣೆಯಿಲ್ಲ. ಅತಿವಾಹಕದಲ್ಲಿ ಎಲೆಕ್ಟ್ರಾನು ಜೋಡಿಗಳ ಸ್ಥಿತಿಯೂ ಸ್ಥೂಲವಾಗಿ ಹೀಗೆಯೇ. ಒಂದು ಜೋಡಿಯನ್ನು ಮಾತ್ರ ತಡೆದು ಅದರ ಶಕ್ತಿಯನ್ನು ಕಸಿದುಕೊಳ್ಳುವುದಕ್ಕೆ ಅಡ್ಡಿಯೊಂದಕ್ಕೆ ಶಕ್ಯವಿಲ್ಲ; ಕಸಿಯಬೇಕಾದರೆ ಇಡೀ ಮೇಳದ ಹೆಜ್ಜೆಯನ್ನೇ ತಪ್ಪಿಸಬೇಕು.

ಹಾಳೆಯು ತೆಳುವಾದಾಗ

ದಪ್ಪನಾದ ಲೋಹದ ಗಟ್ಟಿಯಲ್ಲಿ ಈ ಮೇಳವು ಬಲವಾಗಿರುತ್ತದೆ. ಅದೇ ಲೋಹವನ್ನು ಗಾಜಿನ ಮೇಲೆಯೋ ಸ್ಫಟಿಕದ ಮೇಲೆಯೋ ಕೆಲವೇ ಪರಮಾಣುಗಳ ದಪ್ಪಕ್ಕೆ, ತಲೆಗೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲಿಗೆ, ಲೇಪಿಸಿದರೆ ಸಂಗತಿಯು ಬೇರೆಯಾಗುತ್ತದೆ. ಇಂತಹ ಹಾಳೆಗೆ ಉದ್ದ ಅಗಲಗಳುಂಟು, ದಪ್ಪವು ಲೆಕ್ಕಕ್ಕೆ ಬಾರದು. ಆದುದರಿಂದ ಇದನ್ನು ಎರಡು ಆಯಾಮಗಳ ಅತಿವಾಹಕವೆನ್ನುತ್ತಾರೆ. ವಿಶಾಲವಾದ ಮೈದಾನದಲ್ಲಿ ಕುಣಿಯುವವನಿಗೆ ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ ಜೊತೆಗಾರರು ಬಹಳ ಮಂದಿ; ಒಬ್ಬನು ತಪ್ಪಿದರೆ ಉಳಿದವರನ್ನು ನೋಡಿ ತಿದ್ದಿಕೊಳ್ಳುವನು. ತೆಳುಹಾಳೆಯಲ್ಲಿ ಮೇಲೆ ಕೆಳಗೆ ನೆರೆಯವರೇ ಇಲ್ಲ. ತಿದ್ದುವವರು ಕಡಿಮೆಯಾದ ಹಾಗೆಲ್ಲ ಹೆಜ್ಜೆಯು ಚಂಚಲವಾಗುತ್ತದೆ.

ಈ ಚಾಂಚಲ್ಯದ ಒಂದು ರೂಪವು ಸುಳಿ. ಹೊಳೆಯ ನೀರಿನಲ್ಲಿ ಸುಳಿಯು ಕಾಣಿಸಿಕೊಳ್ಳುವಂತೆ, ಜೋಡಿಗಳ ಪ್ರವಾಹದಲ್ಲಿಯೂ ಸುಳಿಗಳು ಹುಟ್ಟುತ್ತವೆ. ಕೆಲವು ಬಲಕ್ಕೆ ಸುತ್ತುತ್ತವೆ, ಕೆಲವು ಎಡಕ್ಕೆ. ಒಂದು ಸುಳಿಯು ಹಾಳೆಯ ಒಂದು ಅಂಚಿನಿಂದ ಮತ್ತೊಂದು ಅಂಚಿಗೆ ದಾಟಿಹೋದರೆ, ಅದರ ಎರಡು ಪಕ್ಕಗಳ ಹೆಜ್ಜೆಯಲ್ಲಿ ಒಂದು ಪೂರ್ಣ ಸುತ್ತಿನ ವ್ಯತ್ಯಾಸವು ಬೀಳುತ್ತದೆ. ಅಂತಹ ಪ್ರತಿಯೊಂದು ಜಾರುವಿಕೆಯಿಂದಲೂ ಒಂದಿಷ್ಟು ವೋಲ್ಟೇಜು ತೋರಿ, ಹಾಳೆಗೆ ರೋಧವು ಬರುತ್ತದೆ. 1970ರ ದಶಕದ ಆರಂಭದಲ್ಲಿ ಸೋವಿಯೆತ್ ದೇಶದ ಬೆರೆಜಿನ್ಸ್ಕಿಯವರೂ, ಇಂಗ್ಲೆಂಡಿನಲ್ಲಿದ್ದ ಕೋಸ್ಟರ್ಲಿಟ್ಸ್ ಮತ್ತು ಥೌಲೆಸ್ ಅವರೂ ಒಂದು ಸತ್ಯವನ್ನು ಕಂಡರು. ತಕ್ಕಷ್ಟು ಶೈತ್ಯದಲ್ಲಿ ಬಲಸುಳಿಯೂ ಎಡಸುಳಿಯೂ ಒಂದಕ್ಕೊಂದು ಕಟ್ಟುಬಿದ್ದು, ಒಂಟಿಯಾಗಿ ಅಲೆಯಲಾರವು. ಆಗ ಹಾಳೆಯು ಅತಿವಾಹಕವಾಗುತ್ತದೆ. ಉಷ್ಣತೆಯು ಒಂದು ಮಿತಿಯನ್ನು ದಾಟಿದೊಡನೆ ಆ ಕಟ್ಟು ಹರಿದು, ಸುಳಿಗಳು ಸ್ವತಂತ್ರವಾಗಿ ಚಲಿಸಿ, ಅತಿವಾಹಕತ್ವವು ಕೆಡುತ್ತದೆ. ಕೋಸ್ಟರ್ಲಿಟ್ಸ್, ಥೌಲೆಸ್ ಅವರಿಗೆ ಹಾಲ್ಡೇನ್ ಅವರೊಂದಿಗೆ 2016ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಯೋಬಿಯಂ ನೈಟ್ರೈಡಿನ ತೆಳುಹಾಳೆಗಳ ಮೇಲೆ ಇದೇ ಬಗೆಯ ಪರಿವರ್ತನೆಯನ್ನು ಕುರಿತು ಬಹಳ ಪ್ರಯೋಗಗಳು ನಡೆದಿವೆ.

ಇದು ಉಷ್ಣದಿಂದ ಆಗುವ ಚಾಂಚಲ್ಯವಾಯಿತು. ಉಷ್ಣವನ್ನು ಪೂರ್ಣವಾಗಿ ತೆಗೆದರೂ, ನಿರಪೇಕ್ಷ ಶೂನ್ಯದ ಬಳಿಯಲ್ಲಿಯೂ, ಕ್ವಾಂಟಂ ನಿಯಮದಿಂದ ಬರುವ ಮತ್ತೊಂದು ಚಾಂಚಲ್ಯವು ಉಳಿಯುತ್ತದೆ. ಅದನ್ನು ತಿಳಿಯಲು, ಹಾಳೆಯು ಒಂದೇ ಸಮನಾಗಿಲ್ಲದೆ ಸಣ್ಣ ಸಣ್ಣ ದ್ವೀಪಗಳ ಸಮೂಹವಾಗಿದೆಯೆಂದು ಭಾವಿಸಿರಿ. ಒಂದೊಂದು ದ್ವೀಪದೊಳಗೂ ಜೋಡಿಗಳು ಒಂದೇ ಹೆಜ್ಜೆಯಲ್ಲಿವೆ. ಒಂದು ದ್ವೀಪದಿಂದ ಮತ್ತೊಂದಕ್ಕೆ, ನಡುವೆ ಇರುವ ಅವಾಹಕದ ತಡೆಯನ್ನು ದಾಟಿ, ಜೋಡಿಗಳು ಹೋಗಬಲ್ಲವೆಂದು ಬ್ರಯನ್ ಜೋಸೆಫ್ಸನ್ 1962ರಲ್ಲಿ ತೋರಿಸಿದರು. ಮಲೆ ಮಹದೇಶ್ವರ ಬೆಟ್ಟದ ಜಾತ್ರೆಗೆ ಹತ್ತು ಊರುಗಳ ಕಂಸಾಳೆ ಮೇಳಗಳು ಬಂದು ಬೇರೆ ಬೇರೆ ಕಡೆ ನಿಂತು ಕುಣಿಯುತ್ತಿರುವಂತೆ ಇದು. ಪ್ರತಿಯೊಂದು ಮೇಳವೂ ತನ್ನೊಳಗೆ ತಾಳ ತಪ್ಪುವುದಿಲ್ಲ. ಆದರೆ ಮೇಳ ಮೇಳಗಳ ನಡುವೆ ತಾಳವು ಒಂದಾಗಿದೆಯೇ? ಒಂದಾದರೆ ಇಡೀ ಹಾಳೆಯು ಅತಿವಾಹಕ. ಒಂದಾಗದಿದ್ದರೆ, ಪ್ರತಿಯೊಂದು ದ್ವೀಪವೂ ಅತಿವಾಹಕವಾಗಿದ್ದರೂ ಒಟ್ಟು ಹಾಳೆಯು ವಿದ್ಯುತ್ತನ್ನು ಸಾಗಿಸದ ಅವಾಹಕವಾಗಿಬಿಡಬಹುದು!

ಇಲ್ಲಿ ಕ್ವಾಂಟಂ ನಿಯಮವು ಹೇಳುವುದೇನೆಂದರೆ, ಒಂದು ದ್ವೀಪದಲ್ಲಿ ಎಷ್ಟು ಜೋಡಿಗಳಿವೆಯೆಂಬ ಸಂಖ್ಯೆಯೂ, ಅದರ ಹೆಜ್ಜೆಯೂ, ಏಕಕಾಲದಲ್ಲಿ ನಿಶ್ಚಿತವಾಗಿರಲಾರವು. ಹೆಜ್ಜೆಯು ಸ್ಥಿರವಾಗಬೇಕಾದರೆ ಜೋಡಿಗಳು ಧಾರಾಳವಾಗಿ ಬಂದು ಹೋಗುತ್ತಿರಬೇಕು, ಸಂಖ್ಯೆಯು ಅನಿಶ್ಚಿತವಾಗಿರಬೇಕು. ದ್ವೀಪವು ಬಹಳ ಚಿಕ್ಕದಾಗಿದ್ದು, ಒಂದು ಜೋಡಿಯು ಹೆಚ್ಚಾದರೂ ವಿದ್ಯುದಾವೇಶದ ಹೊರೆಯು ಅಧಿಕವಾಗುವಂತಿದ್ದರೆ, ಸಂಖ್ಯೆಯು ಸ್ಥಿರವಾಗುತ್ತದೆ. ಆಗ ಹೆಜ್ಜೆಯು ಅಂಕೆಗೆ ಸಿಕ್ಕದೆ ಅಲೆಯುತ್ತದೆ. ಮೊದಲನೆಯದು ಅತಿವಾಹಕ ಸ್ಥಿತಿ, ಎರಡನೆಯದು ಅವಾಹಕ ಸ್ಥಿತಿ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಗೋಲ್ಡ್‌ಮನ್ ಅವರ ಬಳಗವು 1986ರಲ್ಲಿ ತವರದ ತೆಳುಹಾಳೆಗಳನ್ನೂ, 1989ರಲ್ಲಿ ಬಿಸ್ಮತ್ತಿನ ತೆಳುಹಾಳೆಗಳನ್ನೂ ಪರೀಕ್ಷಿಸಿತು. ಹಾಳೆಯ ಒಂದು ಚೌಕದ ರೋಧವು ಸುಮಾರು 6,450 ಓಮ್‌ಗಳಿಗಿಂತ ಕಡಿಮೆಯಾಗಿದ್ದರೆ ತಣಿದಾಗ ಅದು ಅತಿವಾಹಕವಾಗುವುದೆಂದೂ, ಹೆಚ್ಚಾಗಿದ್ದರೆ ಅವಾಹಕವಾಗುವುದೆಂದೂ ಸ್ಥೂಲವಾಗಿ ಕಂಡುಬಂದಿತು. ಈ ಸಂಖ್ಯೆಯು ತವರಕ್ಕಾಗಲಿ ಬಿಸ್ಮತ್ತಿಗಾಗಲಿ ಸಂಬಂಧಿಸಿದ್ದಲ್ಲ. ಪ್ಲಾಂಕ್ ಎಂಬ ಪಂಡಿತರ ಹೆಸರಿನ ನಿಯತಾಂಕವನ್ನು ಒಂದು ಎಲೆಕ್ಟ್ರಾನು ಜೋಡಿಯ ಆವೇಶದ ವರ್ಗದಿಂದ ಭಾಗಿಸಿದರೆ ಬರುವ ಲಬ್ಧವೇ ಇದು. ನಿಖರವಾಗಿ ಸುಮಾರು 6,453 ಓಮ್.

ವ್ಯಯದ ಎರಡು ಮುಖಗಳು

ಈಗ ವ್ಯಯದ ಮಾತಿಗೆ ಬರೋಣ. ಹಾಳೆಯು ಲೋಕದಲ್ಲಿ ಒಂಟಿಯಾಗಿಲ್ಲ. ಅದರೊಳಗೆ ಜೋಡಿಗೂಡದ ಎಲೆಕ್ಟ್ರಾನುಗಳಿರಬಹುದು; ಹತ್ತಿರದಲ್ಲಿ ಬೇರೆ ಲೋಹವಿರಬಹುದು; ಅಳತೆಯ ತಂತಿಗಳಂತೂ ಇದ್ದೇ ಇರುತ್ತವೆ. ಇವೆಲ್ಲವೂ ಹಾಳೆಯಿಂದ ಶಕ್ತಿಯನ್ನು ಹೀರಿಕೊಳ್ಳಬಲ್ಲವು.

ಒಂದು ಬೋಗುಣಿಯಲ್ಲಿ ಗೋಲಿಯೊಂದಿದೆ ಎಂದಿಟ್ಟುಕೊಳ್ಳಿರಿ. ನಮ್ಮ ನಿತ್ಯದ ಲೋಕದಲ್ಲಿ ಅಂಚನ್ನು ಏರುವಷ್ಟು ತಳ್ಳದೆ ಅದು ಹೊರಕ್ಕೆ ಬರಲಾರದು. ಕ್ವಾಂಟಂ ಲೋಕದಲ್ಲಿ ಅಂಚನ್ನು ಏರದೆಯೇ, ಸುರಂಗದಿಂದ ಹೊರಬಿದ್ದಂತೆ, ಅದು ಆಚೆಯಲ್ಲಿ ಕಾಣಿಸಿಕೊಳ್ಳುವ ಸಂಭವವುಂಟು. ಪರಮಾಣುವಿನಷ್ಟು ಸೂಕ್ಷ್ಮವಾದ ವಸ್ತುಗಳಿಗೆ ಇದು ಹೊಸತಲ್ಲ. ಅಸಂಖ್ಯ ಎಲೆಕ್ಟ್ರಾನುಗಳು ಕೂಡಿದ ಒಂದು ವಿದ್ಯುನ್ಮಂಡಲದ ಹೆಜ್ಜೆಯೂ ಹೀಗೆ ಸುರಂಗವನ್ನು ದಾಟಬಲ್ಲುದೇ? ದಾಟುವುದಾದರೆ, ಸುತ್ತಲಿನ ವ್ಯಯವು ಅದನ್ನು ತಡೆಯುವುದೇ? ಕಾಲ್ಡೇರ ಮತ್ತು ಲೆಗೆಟ್ ಎಂಬ ಇಬ್ಬರು 1981ರಲ್ಲಿ ಉತ್ತರ ಕೊಟ್ಟರು: ವ್ಯಯವು ಹೆಚ್ಚಿದಷ್ಟೂ ಸುರಂಗದ ದಾಟುವಿಕೆಯು ಕಡಿಮೆಯಾಗುವುದು. ಬೋಗುಣಿಯಲ್ಲಿ ಹರಳೆಣ್ಣೆಯನ್ನು ತುಂಬಿದಂತೆ ಇದು. ಗೋಲಿಯು ಒಬ್ಬಂಟಿಯಾಗಿ ದಾಟಲಾರದು, ತನಗೆ ಅಂಟಿದ ಎಣ್ಣೆಯನ್ನೂ ಹೊತ್ತು ದಾಟಬೇಕು. ಅಷ್ಟು ದೊಡ್ಡ ಹೊರೆಯೊಡನೆ ದಾಟುವ ಸಂಭವವು ವಿರಳ. ಕ್ಲಾರ್ಕ್, ಡೆವೊರೆ, ಮಾರ್ಟಿನಿಸ್ ಅವರು 1984 ಮತ್ತು 1985ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ನಡೆಸಿದ, 2025ರಲ್ಲಿ ನೊಬೆಲ್ ಗೌರವವನ್ನು ಪಡೆದ ಪ್ರಯೋಗಗಳು ಇಂತಹ ಸುರಂಗಗಮನವನ್ನು ಜೋಸೆಫ್ಸನ್ ಸಂಧಿಯಲ್ಲಿ ಕಣ್ಣಾರೆ ಕಂಡಂತೆ ಸ್ಥಾಪಿಸಿದವು.

ಇದರಿಂದ ವ್ಯಯದ ಮೊದಲನೆಯ ಮುಖವು ತಿಳಿಯುತ್ತದೆ. ಒಂದು ಕ್ವಾಂಟಂ ವಸ್ತುವು ಎರಡು ಸ್ಥಿತಿಗಳ ಮಿಶ್ರಣದಲ್ಲಿರಬೇಕಾದರೆ ಅದು ಹೊರಲೋಕದಿಂದ ಮರೆಯಾಗಿರಬೇಕು. ಶಕ್ತಿಯು ಹೊರಕ್ಕೆ ಸೋರಿದಾಗ ವಸ್ತುವಿನ ಸಮಾಚಾರವೂ ಸೋರುತ್ತದೆ. ಆಗ ಮಿಶ್ರಣವು ಮುರಿಯುತ್ತದೆ. ಕ್ವಾಂಟಂ ಗಣಕಯಂತ್ರವನ್ನು ಕಟ್ಟುವವರಿಗೆ ವ್ಯಯವು ಶತ್ರುವಾಗಿರುವುದು ಇದರಿಂದಲೇ.

ಎರಡನೆಯ ಮುಖವು ಇದಕ್ಕೆ ವಿರುದ್ಧವಾದುದು, ಆದರೆ ಕಾರಣವು ಅದೇ. ತೆಳುಹಾಳೆಯು ಅತಿವಾಹಕವಾಗಿ ಉಳಿಯಬೇಕಾದರೆ ಹೆಜ್ಜೆಯು ಅಲೆಯಬಾರದಷ್ಟೆ? ಕ್ವಾಂಟಂ ಚಾಂಚಲ್ಯವು ಹೆಜ್ಜೆಯನ್ನು ಒಂದು ಸುತ್ತಿನಿಂದ ಮತ್ತೊಂದಕ್ಕೆ ಸುರಂಗದ ಮೂಲಕ ಜಾರಿಸುತ್ತದೆ. ವ್ಯಯವು ಆ ಸುರಂಗವನ್ನು ಮುಚ್ಚುತ್ತದೆ. ಹಾಗಾದರೆ ವ್ಯಯವು ಹೆಚ್ಚಾದಷ್ಟೂ ಹೆಜ್ಜೆಯು ಸ್ಥಿರವಾಗಿ, ಅತಿವಾಹಕತ್ವವು ಬಲಗೊಳ್ಳಬೇಕು! ಆಲ್ಬರ್ಟ್ ಶ್ಮಿಡ್ 1983ರಲ್ಲಿ ಒಂದು ಜೋಸೆಫ್ಸನ್ ಸಂಧಿಯ ವಿಷಯದಲ್ಲಿ ಇದನ್ನು ಗಣಿತದಿಂದ ತೋರಿಸಿದರು. ಅಲ್ಲಿಯೂ ಎಲ್ಲೆಯಾಗಿ ಬಂದದ್ದು ಮೇಲೆ ಹೇಳಿದ 6,453 ಓಮ್‌ಗಳೇ. ಸುದೀಪ್ ಚಕ್ರವರ್ತಿಯವರೂ ಅವರ ಸಹೋದ್ಯೋಗಿಗಳೂ 1986ರಲ್ಲಿ ಅನೇಕ ಸಂಧಿಗಳ ಜಾಲಕ್ಕೆ ಈ ವಿಚಾರವನ್ನು ವಿಸ್ತರಿಸಿದರು.

ನಷ್ಟವನ್ನುಂಟುಮಾಡುವ ವಸ್ತುವು ನಷ್ಟವಿಲ್ಲದ ಪ್ರವಾಹವನ್ನು ಕಾಪಾಡುವುದು ವಿರೋಧಾಭಾಸವೆಂದು ವಾಚಕರಿಗೆ ತೋರಬಹುದು. ಮತ್ತೆ ನಮ್ಮ ಮೇಳವನ್ನು ನೆನೆಯಿರಿ. ಕುಣಿಯುವ ನೆಲವು ಕೆಸರಾಗಿದೆಯೆಂದೂ, ಆದರೆ ಆ ಕೆಸರು ಹೆಜ್ಜೆಯು ತಾಳ ತಪ್ಪಿದಾಗ ಮಾತ್ರ ಕಾಲನ್ನು ಹಿಡಿಯುವುದೆಂದೂ ಭಾವಿಸಿರಿ. ತಾಳ ತಪ್ಪದವನಿಗೆ ಆ ಕೆಸರಿನಿಂದ ಯಾವ ಬಾಧೆಯೂ ಇಲ್ಲ. ತಪ್ಪಬೇಕೆನ್ನುವವನಿಗೆ ಮಾತ್ರ ತಡೆ. ಅತಿವಾಹಕದಲ್ಲಿಯೂ ಹೆಜ್ಜೆಗಳ ಅಂತರವು ಬದಲಾಗುವಾಗ ಮಾತ್ರ ವೋಲ್ಟೇಜು ಹುಟ್ಟುತ್ತದೆ. ವೋಲ್ಟೇಜು ಇದ್ದಾಗ ಮಾತ್ರ ವ್ಯಯವು ನಡೆಯುತ್ತದೆ. ಅಂತರವು ಸ್ಥಿರವಾದ ಮೇಲೆ ವ್ಯಯಕ್ಕೆ ಅವಕಾಶವೇ ಇಲ್ಲ. ಆದಕಾರಣ ವ್ಯಯವು ಇಲ್ಲಿ ತಪ್ಪುಹೆಜ್ಜೆಗೆ ತೆರಿಗೆ ಹಾಕುವ ಅಧಿಕಾರಿಯಂತೆ ಇರುವುದೇ ಹೊರತು, ಸರಿಯಾದ ನಡಿಗೆಗೆ ಅಡ್ಡಿಯಲ್ಲ.

ಪ್ರಯೋಗಶಾಲೆಯ ಸಾಕ್ಷ್ಯ

ಸಿದ್ಧಾಂತವು ಎಷ್ಟು ಅಂದವಾಗಿದ್ದರೂ ಪ್ರಯೋಗವು ಒಪ್ಪಬೇಕು. 1997ರಲ್ಲಿ ರಿಂಬರ್ಗ್, ಕ್ಲಾರ್ಕ್ ಮೊದಲಾದವರು ಒಂದು ಜಾಣ ಏರ್ಪಾಡನ್ನು ಮಾಡಿದರು. ಅಲ್ಯೂಮಿನಿಯಂ ದ್ವೀಪಗಳನ್ನು ಸಂಧಿಗಳಿಂದ ಜೋಡಿಸಿದ ಸಮತಲ ಜಾಲವೊಂದನ್ನು ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ಮೇಲೆ ರಚಿಸಿದರು. ಆ ಅರೆವಾಹಕದ ಒಡಲಿನಲ್ಲಿ, ಮೇಲ್ಮೈಗೆ ಬಹಳ ಸಮೀಪದಲ್ಲಿ, ಸಾಧಾರಣ ಎಲೆಕ್ಟ್ರಾನುಗಳ ಮತ್ತೊಂದು ತೆಳುಪದರವಿತ್ತು. ಜಾಲವು ಈ ಪದರವನ್ನು ಮುಟ್ಟುವುದಿಲ್ಲ. ಆದರೂ ವಿದ್ಯುತ್ ಪ್ರಭಾವದಿಂದ ಜಾಲದ ಹೆಜ್ಜೆಯ ಚಲನೆಯು ಪದರದ ಎಲೆಕ್ಟ್ರಾನುಗಳನ್ನು ಕದಲಿಸಿ, ತನ್ನ ಶಕ್ತಿಯನ್ನು ಅಲ್ಲಿ ಕಳೆಯುತ್ತದೆ. ಹೊರಗಿನಿಂದ ವೋಲ್ಟೇಜನ್ನು ಕೊಟ್ಟು ಪದರದ ರೋಧವನ್ನು ಬೇಕಾದಂತೆ ಬದಲಿಸಬಹುದಾಗಿತ್ತು. ಹೀಗೆ ಜಾಲದಲ್ಲಿ ಬೇರೇನನ್ನೂ ಬದಲಿಸದೆ ವ್ಯಯವೊಂದನ್ನೇ ಬದಲಿಸುವ ಉಪಾಯವು ದೊರೆಯಿತು. ವ್ಯಯವು ಹೆಚ್ಚಾಗಿದ್ದಾಗ ಜಾಲವು ಅತಿವಾಹಕದ ಕಡೆಗೂ, ಕಡಿಮೆಯಾದಾಗ ಅವಾಹಕದ ಕಡೆಗೂ ವಾಲಿತು. ಸಿದ್ಧಾಂತವು ಹೇಳಿದ್ದು ಇದನ್ನೇ.

ಇದಾದ ಎರಡು ವರ್ಷಗಳಿಗೆ, 1999ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ನಾಡ್ಯ ಮೇಸನ್ ಎಂಬ ಸ್ತ್ರೀ ವಿಜ್ಞಾನಿಯೂ ಕಾಪಿಟುಲ್ನಿಕ್ ಅವರೂ ಮಾಲಿಬ್ಡಿನಂ ಮತ್ತು ಜರ್ಮೇನಿಯಂ ಕೂಡಿದ ತೆಳುಹಾಳೆಗಳನ್ನು ಕಾಂತಕ್ಷೇತ್ರದಲ್ಲಿಟ್ಟು ತಣಿಸಿದರು. ಕಾಂತಕ್ಷೇತ್ರವು ಹಾಳೆಯಲ್ಲಿ ಸುಳಿಗಳನ್ನು ತುಂಬುತ್ತದೆ. ಉಷ್ಣತೆಯು ಶೂನ್ಯದ ಕಡೆಗೆ ಇಳಿದಂತೆ ರೋಧವು ಸೊನ್ನೆಗೆ ಇಳಿಯಬೇಕು, ಇಲ್ಲವೇ ಮಿತಿಯಿಲ್ಲದೆ ಏರಬೇಕು, ನಡುದಾರಿಯಿಲ್ಲವೆಂದು ನಿರೀಕ್ಷೆ. ಆದರೆ ರೋಧವು ಸ್ವಲ್ಪ ದೂರ ಇಳಿದು, ಅನಂತರ ಎಷ್ಟು ತಣಿಸಿದರೂ ಒಂದೇ ಮಟ್ಟದಲ್ಲಿ ನಿಂತುಬಿಟ್ಟಿತು! ಸುಳಿಗಳು ಸುತ್ತಲಿನ ವ್ಯಯದೊಡನೆ ಹೆಣೆದುಕೊಂಡಿರುವುದರಿಂದ ಹೀಗಾಗುವುದೆಂದು ಅವರು ಸೂಚಿಸಿದರು. 2002ರಲ್ಲಿ ಅವರು ಹಾಳೆಯ ಸಮೀಪಕ್ಕೆ, ಮುಟ್ಟದಂತೆ, ಲೋಹದ ಮತ್ತೊಂದು ಪದರವನ್ನು ತಂದಿರಿಸಿದಾಗ ಪರಿವರ್ತನೆಯ ಸ್ವರೂಪವೇ ಬೇರೆಯಾಯಿತು. ನೆರೆಯಲ್ಲಿ ಸುಮ್ಮನೆ ಕುಳಿತ ಲೋಹವು ಹಾಳೆಯ ಸ್ಥಿತಿಯನ್ನು ಬದಲಿಸಿದ್ದು ವ್ಯಯದ ಪ್ರಭಾವಕ್ಕೆ ಸಾಕ್ಷಿಯಾಯಿತು.

ತೀರದ ಪ್ರಶ್ನೆ

ಈ ನಡುದಾರಿಯ ಸ್ಥಿತಿಯು ವಿದ್ವಾಂಸರನ್ನು ಏಕೆ ಬೆರಗುಗೊಳಿಸಿತೆಂಬುದಕ್ಕೆ ಬೆಂಗಳೂರಿಗೆ ಸಂಬಂಧಿಸಿದ ಒಂದು ಹೆಸರನ್ನು ಹೇಳಬೇಕು. 1979ರಲ್ಲಿ ಏಬ್ರಹಾಮ್ಸ್, ಆಂಡರ್ಸನ್, ಲಿಚ್ಚಾರ್ಡೆಲ್ಲೊ, ಟಿ. ವಿ. ರಾಮಕೃಷ್ಣನ್ ಎಂಬ ನಾಲ್ವರು ಸೇರಿ ಬರೆದ ಲೇಖನವು ಲೋಕಪ್ರಸಿದ್ಧವಾಯಿತು. ಇವರಲ್ಲಿ ರಾಮಕೃಷ್ಣನ್ ಅವರು ಅನಂತರ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದರು. ಎಲೆಕ್ಟ್ರಾನುಗಳ ಪರಸ್ಪರ ಪ್ರಭಾವವನ್ನು ಬದಿಗಿಟ್ಟು ನೋಡಿದರೆ, ಎರಡು ಆಯಾಮಗಳ ಹಾಳೆಯಲ್ಲಿ ದೋಷವು ಎಷ್ಟು ಅಲ್ಪವಾಗಿದ್ದರೂ, ನಿರಪೇಕ್ಷ ಶೂನ್ಯದಲ್ಲಿ ಎಲೆಕ್ಟ್ರಾನುಗಳು ಕಡೆಗೆ ಎಲ್ಲಿಯಾದರೂ ಸಿಕ್ಕಿಬೀಳುವುವೆಂದು ಆ ಲೇಖನವು ತೋರಿಸಿತು. ಅಂದರೆ ಅಂತಹ ಹಾಳೆಯು ಸಾಧಾರಣ ಲೋಹವಾಗಿ ಉಳಿಯುವಂತಿಲ್ಲ. ಹಾಗಿರುವಾಗ, ಅತಿವಾಹಕವೂ ಅಲ್ಲದ ಅವಾಹಕವೂ ಅಲ್ಲದ ಈ ವಿಚಿತ್ರ ಲೋಹವು ಎಲ್ಲಿಂದ ಬಂತು? ವ್ಯಯವು ಸುಳಿಗಳನ್ನು ಅರೆಬರೆಯಾಗಿ ಹಿಡಿದಿರುವುದರಿಂದ ಬಂತೆಂಬುದು ಒಂದು ಪಕ್ಷ.

ಮತ್ತೊಂದು ಪಕ್ಷವೂ ಇದೆ. 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಇಂಡಿಯಂ ಆಕ್ಸೈಡು ಮತ್ತು ನಯೋಬಿಯಂ ಸೆಲೆನೈಡುಗಳ ತೆಳುಹಾಳೆಗಳನ್ನು ಅಳೆಯುವ ತಂತಿಗಳಿಗೆ, ಹೊರಗಿನ ರೇಡಿಯೊ ಅಲೆಗಳು ನುಸುಳದಂತೆ ಒಳ್ಳೆಯ ಶೋಧಕಗಳನ್ನು ಅಳವಡಿಸಿದರು. ಆಗ ನಡುದಾರಿಯಲ್ಲಿ ನಿಂತಿದ್ದ ರೋಧವು ಮತ್ತೆ ಇಳಿಯತೊಡಗಿತು! ಹೊರಗಿನ ಗದ್ದಲವು ತಂತಿಯ ಮೂಲಕ ಬಂದು ಹಾಳೆಯನ್ನು ಕದಲಿಸುತ್ತಿತ್ತೆಂದು ಇದರಿಂದ ಸ್ಪಷ್ಟವಾಯಿತು. ಆದುದರಿಂದ ಹಿಂದಿನ ಅಳತೆಗಳಲ್ಲಿ ಯಾವುದು ಹಾಳೆಯ ಸ್ವಭಾವ, ಯಾವುದು ಹೊರಗಿನ ಗದ್ದಲವೆಂಬುದನ್ನು ಒಂದೊಂದಾಗಿ ಪರೀಕ್ಷಿಸುವ ಕೆಲಸವು ಬಿದ್ದಿದೆ. ಎಲ್ಲ ಹಾಳೆಗಳಿಗೂ ಈ ಒಂದೇ ಉತ್ತರವು ಸಾಲದೆಂದು ವಾದಿಸುವವರೂ ಇದ್ದಾರೆ. ಚರ್ಚೆಯು ಮುಗಿದಿಲ್ಲ. ವ್ಯಯವನ್ನು ಅಳೆಯಹೊರಟವನು ತನ್ನ ಅಳತೆಯ ತಂತಿಯೇ ವ್ಯಯಕ್ಕೂ ಗದ್ದಲಕ್ಕೂ ಬಾಗಿಲಾಗುವುದನ್ನು ಎಂದೂ ಮರೆಯುವಂತಿಲ್ಲ.

ಇದರಿಂದ ನಮಗೇನು

ಇಷ್ಟು ಸೂಕ್ಷ್ಮವಾದ ವಿಚಾರದಿಂದ ನಮ್ಮ ಸೀಮೆಯವರಿಗೆ ಏನು ಪ್ರಯೋಜನವೆಂದು ಕೇಳಬಹುದು. ಮೈಸೂರು ಸಂಸ್ಥಾನವು ಕೊಟ್ಟ ಸುಮಾರು 371 ಎಕರೆ ನೆಲದಲ್ಲಿ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅತಿವಾಹಕಗಳಿಂದ ಕ್ವಾಂಟಂ ಗಣಕದ ಅಂಗಗಳನ್ನು ರಚಿಸುವ ಕೆಲಸವು ನಡೆಯುತ್ತಿದೆ. ಕ್ಯೂಬಿಟ್ ಎಂಬ ಆ ಅಂಗಗಳು ನಿರಪೇಕ್ಷ ಶೂನ್ಯಕ್ಕಿಂತ ಒಂದು ಕೆಲ್ವಿನ್ನಿನ ನೂರನೆಯ ಒಂದೆರಡು ಪಾಲಿನಷ್ಟು ಮಾತ್ರ ಮೇಲಿರುವ ಶೈತ್ಯದಲ್ಲಿ ಕೆಲಸಮಾಡತಕ್ಕವು. ಅವುಗಳ ಆಯುಸ್ಸನ್ನು ನಿರ್ಣಯಿಸುವುದು ವ್ಯಯವೇ. ಆದರೂ ವ್ಯಯವನ್ನು ಪೂರ್ಣವಾಗಿ ಹೊರಗಿಡುವಂತೆಯೂ ಇಲ್ಲ. ಲೆಕ್ಕವು ಮುಗಿದ ಮೇಲೆ ಕ್ಯೂಬಿಟ್ಟನ್ನು ಮತ್ತೆ ಮೊದಲಿನ ಸ್ಥಿತಿಗೆ ತರಬೇಕಾದರೆ ಅದರ ಶಕ್ತಿಯನ್ನು ಎಲ್ಲಿಗಾದರೂ ಹರಿಯಗೊಡಬೇಕು; ಉತ್ತರವನ್ನು ಓದಬೇಕಾದರೆ ಸಮಾಚಾರವು ಹೊರಕ್ಕೆ ಬರಬೇಕು. ಎಲ್ಲಿ ಬಾಗಿಲನ್ನು ಮುಚ್ಚಬೇಕು, ಎಲ್ಲಿ ತೆರೆಯಬೇಕು ಎಂಬ ವಿವೇಕವೇ ಈ ಶಿಲ್ಪದ ಜೀವಾಳ. ತೆಳುಹಾಳೆಗಳ ಮೇಲಿನ ನಾಲ್ಕು ದಶಕಗಳ ವಿಚಾರಣೆಯು ಆ ವಿವೇಕವನ್ನು ಬೆಳೆಸಿದೆ.

ಪೋಷಕರಲ್ಲಿ ಒಂದು ವಿಜ್ಞಾಪನೆ. ಹತ್ತನೆಯ ತರಗತಿಯು ಮುಗಿದ ಮೇಲೆ ಭೌತಶಾಸ್ತ್ರವೂ ಗಣಿತವೂ ಹುಡುಗಿಯರಿಗೆ ಕಠಿಣವೆಂದು ಹೇಳಿ ಅವರನ್ನು ಆ ದಾರಿಯಿಂದ ಹಿಂದಕ್ಕೆ ಕರೆಯುವ ಮನೆಗಳು ನಮ್ಮ ಎರಡು ಊರುಗಳಲ್ಲಿಯೂ ಇನ್ನೂ ಇವೆ. ಮೇಲೆ ಹೇಳಿದ ವಿಷಯದಲ್ಲಿ ಹುಡುಗಿಯೊಬ್ಬಳ ಗ್ರಹಿಕೆಗೆ ಮೀರಿದ್ದು ಯಾವುದಿದೆ? ಓಮ್ ನಿಯಮ, ತರಂಗ, ಕಾಂತಕ್ಷೇತ್ರ, ಉಷ್ಣ, ಇವೆಲ್ಲವೂ ನಮ್ಮ ಪ್ರೌಢಶಾಲೆಯ ಪುಸ್ತಕಗಳಲ್ಲಿಯೇ ಇವೆ. ಉಳಿದದ್ದು ಗಣಿತದ ಅಭ್ಯಾಸ ಮತ್ತು ಪ್ರಯೋಗದ ತಾಳ್ಮೆ. ಕಾಲೇಜುಗಳಲ್ಲಿ ಓದುತ್ತಿರುವ ಹಳೆಯ ವಿದ್ಯಾರ್ಥಿನಿಯರು ರಜಕ್ಕೆ ಊರಿಗೆ ಬಂದಾಗ, ತಮ್ಮ ನೆರೆಮನೆಯ ಹುಡುಗಿಯರಿಗೆ ಇಂತಹ ಸಂಗತಿಗಳನ್ನು ಕನ್ನಡದಲ್ಲಿ ಹೇಳಲಿ, ಹೇಳಿದರೆ ಅರ್ಥವಾಗುತ್ತದೆ.

ಆ ತೆಳುಹಾಳೆಯಲ್ಲಿ ನಡುದಾರಿಯ ಲೋಹವು ನಿಜವಾಗಿಯೂ ಇದೆಯೇ, ಅಥವಾ ನಮ್ಮ ತಂತಿಗಳ ಗದ್ದಲವೇ ಅದನ್ನು ತೋರಿಸುತ್ತಿದೆಯೇ ಎಂಬ ಪ್ರಶ್ನೆಗೆ ಪೂರ್ಣವಾದ ಉತ್ತರವು ಇನ್ನೂ ಬರಬೇಕಾಗಿದೆ. ದ್ರವ ಹೀಲಿಯಮ್ಮಿಗಾಗಿ ಲೈಡನ್ನಿಗೆ ಹೋಗಬೇಕಾಗಿದ್ದ ಕಾಲವು ಕಳೆಯಿತು. ಅದು ಬೆಂಗಳೂರಿನಲ್ಲಿಯೇ ದೊರೆಯುತ್ತದೆ. ತಂತಿಗೆ ಒಳ್ಳೆಯ ಶೋಧಕವನ್ನು ಹಾಕಿ, ರಾತ್ರಿಯೆಲ್ಲ ಎಚ್ಚರವಿದ್ದು ಸೂಚಿಯನ್ನು ನೋಡುವ ಕೈಗಳು ಚಾಮರಾಜನಗರದವೋ ಗುಂಡ್ಲುಪೇಟೆಯವೋ ಆಗಬಾರದೆಂಬ ನಿಯಮವು ಕ್ವಾಂಟಂ ಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲ.